ಮೆಹಿಟಬೆಲ್ ಕೇಳುವ ಮಾತು

ಮಸಾಚುಸೆಟ್ಸ್ ಕಡಲ ದಂಡೆಯ ನಮ್ಮ ಹಳ್ಳಿಯಲ್ಲಿ ಆ ಸಂಜೆ ಹಿಡಿದ ಮಳೆ ಬಿಡುವಂತಿರಲಿಲ್ಲ. ಒಣಹಾಕಿದ್ದ ಮೀನನ್ನು ಒಳಗೆಳೆದು ಬಂದ ನಾವು ಹೆಂಗಸರೆಲ್ಲ ಟ್ಯಾಮ್ಸಿನ್ ಅಜ್ಜಿಯ ಒಲೆಯ ಸುತ್ತ ಕೂತೆವು. ಹಿಂದಿನ ದಿನವಷ್ಟೇ ಅವಳ ತಂಗಿಯನ್ನು ಮಣ್ಣು ಮಾಡಿದ್ದೆವು. ಅಜ್ಜಿ ಜೋಳದ ಗಂಜಿ ಕಲಕುತ್ತಲೇ ಶುರು ಮಾಡಿದಳು.

"ಮೆಹಿಟಬೆಲ್ ಅಂತ ಒಬ್ಬಳಿದ್ಲು ಕಣ್ರೇ, ಪದ್ಯ ಕಟ್ಟೋಳು. ಆಗೆಲ್ಲ ಯಾರೇ ಸತ್ರೂ ಅವರ ಮೇಲೊಂದು ಪದ್ಯ ಬರೆಸಿ ಶವಪೆಟ್ಟಿಗೆ ಬಟ್ಟೆಗೆ ಚುಚ್ಚಬೇಕಿತ್ತು, ಇಲ್ಲದಿದ್ರೆ ಮರ್ಯಾದೆ ಅಲ್ಲ. ಬಾಸ್ಟನ್ನಿನ ದೊಡ್ಡೋರು ಅವಳ ಪದ್ಯ ಓದಿ ನಕ್ಕರಂತೆ... ನಗ್ಲಿ ಬಿಡಿ, ಅವರ ಮನೆ ಹೆಣಕ್ಕೆ ಬರೆದಿದ್ಲಾ? ಸಾವಾದ ಮನೆಗೆ ಬಂದು, ಒಲೆ ಮುಂದೆ ಕೂತು, 'ಹೇಗಿದ್ರು, ಹೇಳಿ' ಅನ್ನೋಳು. ಒಳ್ಳೆಯವರು, ದೈವಭಕ್ತರು ಅಂದ್ರೆ ಒಪ್ತಿರಲಿಲ್ಲ. 'ಅದು ಎಲ್ಲ ಹೆಣಕ್ಕೂ ಹೇಳೋ ಮಾತು. ಏನು ಕಂಡ್ರೆ ನಗ್ತಿದ್ರು? ಯಾವುದಕ್ಕೆ ಸಿಡುಕ್ತಿದ್ರು?' ನಮ್ಮಪ್ಪ ಹೋದಾಗ, ಬೆಕ್ಕಿನ ಜತೆ ಮಾತಾಡ್ತಾ ಬಲೆ ಹೆಣೀತಿದ್ದ ಅಂತ ಅಮ್ಮ ಹೇಳಿದ್ದೇ ತಡ, ಅದನ್ನೇ ಬರೆದ್ಲು. ಅದನ್ನ ಓದಿದಾಗ್ಲೇ ಅಮ್ಮ ಅತ್ತಿದ್ದು, ಅಲ್ಲಿವರೆಗೂ ಕಲ್ಲಾಗಿ ಕೂತಿದ್ಲು.

ಆಮೇಲೊಂದು ಚಳಿಗಾಲ ಮೆಹಿಟಬೆಲ್ಲೇ ತೀರಿಹೋದ್ಲು... ಬರೆಯೋರು ಯಾರು? ಚರ್ಚಿನ ಹಿರಿಯ ಓಬೆಡ್ ಏನ್ಮಾಡ್ದ ಗೊತ್ತಾ? ತನ್ನ ಹೆಂಡತಿ ಸತ್ತಾಗ ಮೆಹಿಟಬೆಲ್ಲೇ ಬರೆದುಕೊಟ್ಟಿದ್ದ ಪದ್ಯಾನೇ ತೆಗೆದು, ಹೆಂಡತಿ ಹೆಸರು ಹೊಡೆದುಹಾಕಿ, ಮೆಹಿಟಬೆಲ್ ಅಂತ ತಿದ್ದಿ ಚುಚ್ಚಿಬಿಟ್ಟ! ಮದುವೇನೇ ಆಗದೋಳ ಪೆಟ್ಟಿಗೆ ಮೇಲೆ 'ಎಂಟು ಮಕ್ಕಳ ತಾಯಿ' ಅಂತ... ಯಾರೋ ಕಿಸಕ್ಕಂದ್ರು. ಊರಿನ ಸತ್ತೋರಿಗೆಲ್ಲ ಅವರವರದೇ ಮಾತು ಹುಡುಕಿ ಕೊಟ್ಟೋಳು, ಪಾಪ, ಇನ್ನೊಬ್ಬಳ ಮಾತು ಹೊತ್ಕೊಂಡು ಮಣ್ಣಿಗೆ ಹೋದ್ಲು.

ಅವತ್ತಿಂದ ಸಾವಾದ ಮನೆಗೆ ಬರ್ತಾಳೆ. ಬಾಗಿಲು ತಟ್ಟಲ್ಲ... ನೋಡಿದ್ರೆ ಒಲೆ ಮುಂದೆ ಕೂತಿರ್ತಾಳೆ. ಕೇಳೋದು ಮಾತ್ರ ಬೇರೆ: 'ನಾನು ಹೇಗಿದ್ದೆ, ಹೇಳಿ.' ತನ್ನ ತಮ್ಮ ಸತ್ತ ದಿನ ಓಬೆಡ್ 'ಒಳ್ಳೆಯವಳಮ್ಮ, ದೈವಭಕ್ತೆ' ಅಂದನಂತೆ. ತಲೆ ಅಲ್ಲಾಡಿಸಿ ಅತ್ಲಂತೆ. ಇನ್ನೇನು ಹೇಳ್ತಾನೆ? ಅವಳು ಊರನ್ನೆಲ್ಲ ಕೇಳಿದ್ಲು, ಅವಳನ್ನ ಒಬ್ರಾದ್ರೂ ಕೇಳಿದ್ರಾ?"

"ಸಾಕು ಸುಮ್ನಿರಜ್ಜಿ, ಹೆದರಿಸ್ಬೇಡ" ಎಂದಳು ಪಕ್ಕದ ಮನೆಯ ಪೇಷನ್ಸ್.

ಅಜ್ಜಿ ಸೌಟು ಕೆಳಗಿಟ್ಟಳು. "ನಿನ್ನ ಪಕ್ಕದ ಮಣೆ ಯಾಕೆ ಖಾಲಿ ಬಿಟ್ಟಿದೀನಿ ಅಂದ್ಕೊಂಡೆ? ಏಳ್ಬೇಡ, ಕೂತ್ಕೋ... ಅವಳು ಯಾರಿಗೂ ಏನೂ ಮಾಡಲ್ಲ. ನಿನ್ನೆಯಿಂದ ಕೇಳ್ತಾನೇ ಇದಾಳೆ, ಅವಳು ಹೇಗಿದ್ಲು ಅಂತ ನನಗೂ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಅವಳ ಬಗ್ಗೆ ಒಂದೇ ಒಂದು ಮಾತು ಗೊತ್ತಿದ್ರೆ... ಅವಳ ಕಡೆ ತಿರುಗಿ ಹೇಳ್ರೇ."