ಪದರಗಳ ನಡುವೆ ಉಳಿದ ನೀಲಿ ಹಾಳೆ

ಹೆಸರು, ವಿಳಾಸಗಳನ್ನು ಠಾಣೆಯ ಪುಸ್ತಕದಲ್ಲಿ ಬರೆಸಿರುವ, ಅರವತ್ತೆರಡು ವರ್ಷ ವಯಸ್ಸಿನ, ಕಾರುಗಳಿಗೆ ಕಾರ್ಬನ್ ನಾರಿನ ಭಾಗಗಳನ್ನು ತಯಾರಿಸುವ ಕಾರ್ಖಾನೆಯ ಪದರದ ಕೋಣೆಯಲ್ಲಿ ಮೇಲ್ವಿಚಾರಕನಾಗಿರುವ ನಾನು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಕೋಣೆಯಲ್ಲಿ ಅಂಟು ತುಂಬಿದ ನಾರಿನ ಬಟ್ಟೆಯನ್ನು ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ, ಒತ್ತಡದ ಒಲೆಯಲ್ಲಿ ಬೇಯಿಸುತ್ತೇವೆ. ಬೆಂದ ಭಾಗ ಉಕ್ಕಿನಷ್ಟು ಗಟ್ಟಿ, ಅದಕ್ಕಿಂತ ಬಹಳ ಹಗುರ. ಪ್ರತಿ ಬಟ್ಟೆಗೂ ರಕ್ಷಣೆಗಾಗಿ ತೆಳುವಾದ ನೀಲಿ ಹಾಳೆ ಅಂಟಿರುತ್ತದೆ. ಅದನ್ನು ಸುಲಿಯದೆ ಇನ್ನೊಂದು ಪದರ ಹಾಸಿದರೆ ಆ ಎರಡು ಪದರಗಳು ಎಂದಿಗೂ ಕೂಡಿಕೊಳ್ಳುವುದಿಲ್ಲ. ಹೊರಗಿನಿಂದ ಕಾಣಿಸುವುದೂ ಇಲ್ಲ. ಆದಕಾರಣ ಸುಲಿದವನು ‘ಬಿಟ್ಟಿತು’ ಎನ್ನಬೇಕು. ಎದುರಿಗೆ ನಿಂತವನು ಸುಲಿದ ಹಾಳೆಯನ್ನು ನೋಡಿ ‘ಕಂಡೆ’ ಎನ್ನಬೇಕು. ಇದು ನಮ್ಮ ಕೋಣೆಯ ಪದ್ಧತಿ.

ಕಳೆದ ತಿಂಗಳ ಮೊದಲ ವಾರ, ಪರೀಕ್ಷೆಯ ಕಾರಿನ ಮುಂಚಕ್ರವನ್ನು ಹಿಡಿದಿಡುವ ತೋಳನ್ನು ಇಬ್ಬರು ಹಾಸಿದರು. ಹಾಳೆ ಸುಲಿದವನು ಸದಾ ಸಿಳ್ಳೆ ಹಾಕುವವನು. ಎಲ್ಲರೂ ಅವನನ್ನು ಸಿಳ್ಳೆ ಎಂದೇ ಕರೆಯುತ್ತಾರೆ. ಎದುರಿಗಿದ್ದವನು ನನ್ನ ಅಳಿಯ, ಮಗಳ ಗಂಡ. ಆ ಕಾರನ್ನು ಓಡಿಸಲು ತನ್ನ ತಮ್ಮನೇ ಆಯ್ಕೆಯಾದನೆಂದು ಅಳಿಯ ಹಿಗ್ಗಿ ಹೇಳುತ್ತಲೇ ಇದ್ದನು. ತಮ್ಮ ಓಡಿಸೋದಿರಲಿ ಅಣ್ಣ, ನೀವು ಬೆಳಿಗ್ಗೆಯಿಂದ ನನ್ನ ತಲೆ ಮೇಲೆ ಓಡಿಸ್ತಿದ್ದೀರಲ್ಲ ಎಂದು ಸಿಳ್ಳೆ ನಕ್ಕನು. ಪಕ್ಕದ ಮೇಜಿನಲ್ಲಿದ್ದ ನನಗೆ ಪ್ರತಿ ಪದರಕ್ಕೂ ಇಬ್ಬರ ಕೂಗು ಕೇಳಿಸಿತು.

ಈ ದಿನ ಬೆಳಿಗ್ಗೆ 10.20ಕ್ಕೆ, ಕಾರ್ಖಾನೆಯ ಹಿಂದಿನ ಪರೀಕ್ಷಾ ಪಥದ ಎರಡನೆಯ ತಿರುವಿನಲ್ಲಿ ಆ ತೋಳು ಸೀಳಿ, ಕಾರು ಗೋಡೆಗೆ ಅಪ್ಪಳಿಸಿತು. ಅಳಿಯ ಓಡಿಹೋಗಿ ತಮ್ಮನನ್ನು ತಾನೇ ಹೊರಗೆಳೆದನು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

ಮಧ್ಯಾಹ್ನ 12.45ಕ್ಕೆ ಅಳಿಯ, ತಮ್ಮನನ್ನು ಹೊರಗೆಳೆದ ಅದೇ ಅಂಗಿಯಲ್ಲಿ ಕೋಣೆಗೆ ಬಂದನು. ಊಟದ ಬಿಡುವಾದ್ದರಿಂದ ಸಿಳ್ಳೆ ಮತ್ತು ನಾನು ಮಾತ್ರ ಇದ್ದೆವು. ಮುರಿದ ತೋಳನ್ನು ಪರೀಕ್ಷಿಸಲೆಂದು ನನ್ನ ಮೇಜಿನ ಮೇಲೆ ತಂದಿರಿಸಿದ್ದರು. ಸೀಳಿನೊಳಗಿಂದ ಅಂಗೈಯಗಲದ ನೀಲಿ ಹಾಳೆ ಇಣುಕುತ್ತಿತ್ತು. ಅಳಿಯ ಅದನ್ನು ಬೆರಳಿನಿಂದ ಮುಟ್ಟಿ ನೋಡಿದನು. ಮನೆಗೆ ಹೋಗಪ್ಪ, ಅಲ್ಲಿ ನಿನ್ನ ತಾಯಿ ಒಬ್ಬರೇ ಇದ್ದಾರೆ ಎಂದು ಹೇಳಿದೆ. ಅವನು ಎರಡು ಅಡಿ ಉದ್ದದ ಆ ತುಂಡನ್ನು ಎತ್ತಿಕೊಂಡು ಸಿಳ್ಳೆಯ ಕಡೆ ನಡೆದನು. ಮುರಿದ ನಾರಿನ ಅಂಚು ಸೂಜಿಗಳ ಕಟ್ಟಿನಂತಿರುತ್ತದೆ.

ಮೊದಲ ಏಟು ಸಿಳ್ಳೆಯ ಭುಜಕ್ಕೆ ಬಿದ್ದಿತು. ಎರಡನೆಯದು, ಮುಖಕ್ಕೆ ಅಡ್ಡ ಹಿಡಿದ ಮುಂಗೈಗೆ. ಮೂಳೆ ಮುರಿದ ಸದ್ದು ಕೇಳಿಸಿತು. ಸಿಳ್ಳೆ ತಿರುಗಿ ಹೊಡೆಯಲಿಲ್ಲ. ಗೋಡೆಗೆ ಒರಗಿ, ಹೊಡೀರಿ ಅಣ್ಣ, ಸುಲಿಯದೆ ಬಿಟ್ಟವನು ನಾನೇ, ಆದ್ರೆ ನೋಡದೆ ಕಂಡೆ ಅಂದವರು ಯಾರು, ಅದನ್ನೂ ಒಂದ್ಸಲ ಹೇಳ್ಬಿಡಿ ಎಂದನು. ಅಳಿಯ ತುಂಡನ್ನು ತಿರುಗಿಸಿ ಎರಡೂ ಕೈಯಲ್ಲಿ ಹಿಡಿದನು. ಅನಂತರ ತುಂಡಿನ ಮೊನೆಯನ್ನು ಸಿಳ್ಳೆಯ ಗಂಟಲಿಗೆ ಚುಚ್ಚಿದನು. ನಾನು ಆ ತುಂಡನ್ನು ಹಿಡಿದು ಎಳೆದೆ. ನನ್ನ ಬಲ ಅಂಗೈ ಸೀಳಿತು. ಕೈಗೆ ಸಿಕ್ಕ ಒಣ ನಾರಿನ ಬಟ್ಟೆಯನ್ನು ಸಿಳ್ಳೆಯ ಗಂಟಲಿನ ಗಾಯಕ್ಕೆ ಒತ್ತಿದೆ. ಕಪ್ಪು ಬಟ್ಟೆಯಾದ್ದರಿಂದ ರಕ್ತ ಕಾಣಿಸಲಿಲ್ಲ. ಬಟ್ಟೆ ಬಿಸಿಯಾಗಿ ಭಾರವಾಗುತ್ತ ಬಂದಿತು. ಅಳಿಯ ನೆಲದ ಮೇಲೆ ಕುಳಿತವನು ಪೊಲೀಸರು ಬರುವವರೆಗೆ ಏಳಲಿಲ್ಲ.

ಸಿಳ್ಳೆ ಬದುಕಿದ್ದಾನೆ; ಇನ್ನು ಮಾತು ಬರುವುದಿಲ್ಲವೆಂದು ವೈದ್ಯರು ತಿಳಿಸಿದ್ದಾರೆ. ಅವನ ಕೊನೆಯ ಮಾತನ್ನು ಅಳಿಯನಲ್ಲದೆ ಕೇಳಿದವನು ನಾನೊಬ್ಬನೇ.

ಸಂಜೆ ಠಾಣೆಗೆ ಬಂದ ನನ್ನ ಮಗಳು, ಮುರಿದ ನಾರು ತಾನಾಗೇ ಸಿಡಿಯುತ್ತೆ ಅಂತ ನೀವೇ ಹೇಳ್ತಿದ್ರಲ್ಲ ಅಪ್ಪ, ಇವತ್ತೂ ಅಷ್ಟೇ ಹೇಳಿ, ಮೈದುನ ಹೋದ, ಗಂಡನನ್ನಾದ್ರೂ ಉಳಿಸಿಕೊಡಿ ಎಂದು ಕೇಳಿಕೊಂಡಳು. ನಾರು ಸಿಡಿಯುವುದು ನಿಜವಮ್ಮ, ಆದರೆ ಒಬ್ಬನನ್ನೇ ಹುಡುಕಿಕೊಂಡು ಮೂರು ಸಲ ಸಿಡಿಯೋದಿಲ್ಲ ಎಂದು ಹೇಳಿದೆ.

ಈ ಹೇಳಿಕೆಯನ್ನು ಓದಿ ಕೇಳಿಸಿದಾಗ, ಮೂರನೆಯ ಏಟು ಕೈತಪ್ಪಿ ಬಿದ್ದಿತೆಂದು ಬರೆದಿದ್ದುದು ಗಮನಕ್ಕೆ ಬಂದಿತು. ಬರೆದುಕೊಂಡ ಪೊಲೀಸರು ನನ್ನ ಮೇಲಿನ ಮರುಕದಿಂದ ಹಾಗೆ ಬರೆದಿರಬಹುದು. ನಾನು ಕೋರಿ ಅದನ್ನು ಹೊಡೆದು ಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಯಾರ ಒತ್ತಾಯದಿಂದಲೂ ಹೇಳಿದ್ದಲ್ಲ. ಬಲಗೈಗೆ ಪಟ್ಟಿ ಕಟ್ಟಿರುವುದರಿಂದ ಎಡಗೈಯಲ್ಲಿ ಸಹಿ ಮಾಡಿದ್ದೇನೆ. ನನ್ನನ್ನು ಮನೆಗೆ ಕರೆದೊಯ್ಯಲು ಮಗಳನ್ನು ಕೂಗಲಾಗಿ, ಆಕೆ ಆಗಲೇ ಹೊರಟುಹೋಗಿದ್ದಳು.

ಸ್ಥಳ: ಇದೇ ಠಾಣೆ
ದಿನಾಂಕ: ಘಟನೆ ನಡೆದ ದಿನವೇ, ಸಂಜೆ 6.10
(ಎಡಗೈ ಸಹಿ)