ನಲವತ್ತೆರಡಕ್ಕೆ ಕಡಿಮೆ ಇಲ್ಲ

ಇಲ್ಲ ಅಪ್ಪ, ಸಾರಿ ಅಂತ ಮೇಲ್ ಹಾಕಲ್ಲ. ಯಾಕೆ ಹಾಕ್ಬೇಕು? ಕೆಲಸ ಕೊಡ್ತೀವಿ ಅಂತ ಅವರಂದ್ರು, ಸಂಬಳ ಇಷ್ಟು ಬೇಕು ಅಂತ ನಾನಂದೆ. ಅಷ್ಟೇ! ಅದರಲ್ಲಿ ಸಾರಿ ಎಲ್ಲಿಂದ ಬಂತು?

ನಗ್ಬೇಡ. ಉಪ್ಸಾಲಾದಲ್ಲಿ ಆ ಎಚ್‌ಆರ್ ಹೆಂಗಸು ಫೀಕಾಗೆ ಕೂರಿಸಿ, ಕಾಫಿ ಕೊಟ್ಟು, ಬನ್ ಕೊಟ್ಟು, ಎಷ್ಟು ನಯವಾಗಿ ಕೇಳಿದ್ಲು ಗೊತ್ತಾ... 'ಚಾರ್ವಿ, ಈಗ ಯೋನ್‌ಶೋಪಿಂಗ್‌ನಲ್ಲಿ ಎಷ್ಟು ಬರುತ್ತೆ?' ಪೆದ್ದಿ ನಾನು, ಹೇಳ್ಬಿಟ್ಟೆ. ಮೂವತ್ಮೂರು ಸಾವಿರ ಕ್ರೋನಾ. ಅವಳ ಮುಖ ಅರಳಿದ್ದು ನೋಡ್ಬೇಕಿತ್ತು! 'ಹಾಗಾದ್ರೆ ಮೂವತ್ತಾರು ಕೊಡ್ತೀವಿ, ಒಳ್ಳೆ ಏರಿಕೆ ಅಲ್ವಾ?' ಏರಿಕೆಯಂತೆ, ಏರಿಕೆ! ಮೂವತ್ಮೂರು ನನ್ನ ಹಳೇ ಸಂಬಳ, ನಿಮ್ಮ ಕೆಲಸದ ಬೆಲೆ ಅಲ್ಲ ಅಂದೆ. ನಲವತ್ತೆರಡಕ್ಕೆ ಕಡಿಮೆ ಆದ್ರೆ ಬರಲ್ಲ ಅಂದೆ. ಅವಳ ಬಾಯಿಗೆ ಹೋಗ್ತಿದ್ದ ಬನ್ ಅಲ್ಲೇ ನಿಂತ್ಹೋಯ್ತು.

ಹೂಂ, ಕೆಲಸ ಕೈತಪ್ಪಬಹುದು. ಸೋಮವಾರ ಹೇಳ್ತಾರೆ. ಯೋನ್‌ಶೋಪಿಂಗ್‌ನಲ್ಲಿ ರಾಜೀನಾಮೆ ಕೊಟ್ಟಾಗಿದೆ, ಅದೂ ನೆನಪಿದೆ. ಹಾಗೆ ನೋಡ್ಬೇಡ ನನ್ನ!

ದುರಹಂಕಾರ ಅಲ್ಲ ಅದು. ಬಾಯಿಗೆ ಬಂದಿದ್ದು ಕೇಳಿಲ್ಲ ನಾನು, ವಿಚಾರಿಸ್ಕೊಂಡೇ ಹೋಗಿದ್ದೆ. ಈ ದೇಶದಲ್ಲಿ ತೆರಿಗೆ ಕಚೇರಿಗೆ ಒಂದು ಫೋನ್ ಮಾಡಿದ್ರೆ ಸಾಕು, ಯಾರ ಆದಾಯ ಬೇಕಾದ್ರೂ ಹೇಳ್ತಾರೆ. ಯಾರು ನೀನು, ಯಾಕೆ ಬೇಕು, ಒಂದೂ ಕೇಳಲ್ಲ. ವರ್ಷದ್ದು ಹೇಳ್ತಾರೆ, ತಿಂಗಳಿಗೆ ನಾವೇ ಭಾಗಿಸ್ಕೋಬೇಕು... ನಿಂಗೆ ಗೊತ್ತಿರ್ಲಿಲ್ವಾ? ಇಷ್ಟು ವರ್ಷ ಸ್ಯಾಂಡ್‌ವಿಕೆನ್‌ನಲ್ಲಿದ್ದೂ? ಅಯ್ಯೋ! ನೀವು ಕನ್ನಡದೋರೆಲ್ಲ ಯುಗಾದಿ ಊಟದಲ್ಲಿ ಕೋಸಂಬರಿ ಬಡಿಸ್ತಾನೇ 'ಎಷ್ಟು ಬರುತ್ತೆ' ಅಂತ ಕೇಳ್ತೀರ, ಒಬ್ಬರೂ ನಿಜ ಹೇಳಲ್ಲ. ಇಲ್ಲಿನೋರು ಬಾಯ್ಬಿಟ್ಟು ಕೇಳೋದೇ ಇಲ್ಲ, ಆದ್ರೆ ಎಲ್ಲಾ ಬಹಿರಂಗ.

ಯಾರ್ಯಾರದು ಅಂದ್ರೆ... ಅದೇ, ಮಷೀನ್ ಡಿಸೈನ್ ಮಾಡೋರದು. ನನ್ನಷ್ಟೇ ಅನುಭವ ಇರೋರು, ಇಬ್ಬರೋ ಮೂವರೋ, ಎಲ್ಲಾ ನಲವತ್ತೆರಡರ ಆಸುಪಾಸು. ಲಾರ್ಸ್‌ದೂ ಕೇಳಿದೆ. ಹೌದು, ನಿನ್ನ ಲಾರ್ಸೇ! ನೀನು ಕೈಹಿಡಿದು ಕೆಲಸ ಕಲಿಸಿದ್ಯಲ್ಲ, ಅವನೇ. ತಪ್ಪೇನಿದೆ? ಐವತ್ನಾಲ್ಕು ಸಾವಿರ ಎಣಿಸ್ತಾನೆ ಅವನು, ಗೊತ್ತಾ!

ಮತ್ತೆ ಅದೇ! 'ಕೊಟ್ಟಷ್ಟು ತಗೋ, ಥ್ಯಾಂಕ್ಸ್ ಹೇಳು.' ನೀನು ತಗೊಂಡ್ಯಲ್ಲ, ಏನಾಯ್ತು? ನಿನ್ನ ಟೂಲ್ ಕಂಪನಿಯೋರು ವರ್ಷವರ್ಷವೂ ಸಂಬಳದ ಮಾತುಕತೆಗೇ ಅಂತ ಕರೆದು ಕೂರಿಸಿ, ಎಷ್ಟು ಬೇಕು ರಾಜಗೋಪಾಲ, ಯಾಕೆ ಬೇಕು, ಅಂತ ಕೇಳ್ತಾರೆ. ಕೇಳ್ಲಿ ಅಂತಾನೇ ಕರೆಯೋದು, ಅಪ್ಪ! ಲಾರ್ಸ್ ಕೇಳ್ತಾನೆ. ನೀನು 'ನಿಮ್ಮಿಷ್ಟ' ಅಂದು ಕೈಮುಗಿಯೋದೊಂದು ಬಾಕಿ, ಎದ್ದು ಬರ್ತೀಯ. ಹದಿನೆಂಟು ವರ್ಷ ನಿಮ್ಮಿಷ್ಟ, ನಿಮ್ಮಿಷ್ಟ ಅಂದು ಸಿಕ್ಕಿದ್ದೇನು? ಮೂವತ್ತೊಂಬತ್ತು ಸಾವಿರ...

ಅಂದಾಜು. ಅಂದಾಜಿಗೆ ಹೇಳ್ದೆ. ನೀನೇ ಯಾವಾಗ್ಲೋ ಹೇಳಿದ್ಯಲ್ಲ...

ಇಲ್ಲ. ನೀನು ಹೇಳಿದ್ದು ಐವತ್ತೈದು. ಅಮ್ಮನಿಗೂ ಅದೇ ಹೇಳಿರೋದು.

ಅಪ್ಪ? ನಿನ್ನದೂ ಕೇಳಿದೆನಾ ಅಂತಾನಾ?

ಹೂಂ... ಮೊದಲು ಕೇಳಿದ್ದೇ ನಿನ್ನ ಹೆಸರು. ಅಪ್ಪನಿಗಿಂತ ಜಾಸ್ತಿ ಕೇಳೋದು ಬೇಡ, ನಿನ್ನ ಐವತ್ತೈದು ಈಗೆಷ್ಟಾಗಿದೆಯೋ ನೋಡಿ, ಅದಕ್ಕಿಂತ ಕಮ್ಮಿನೇ ಕೇಳೋಣ ಅಂತ. ನಿಜವಾಗ್ಲೂ ಅದಕ್ಕೇ ಮಾಡಿದ್ದು ಫೋನು. ಆ ಕಡೆ ಹುಡುಗಿ ಅಂಕಿ ಹೇಳಿದ್ಲು. ತಪ್ಪಿರ್ಬೇಕು, ಇನ್ನೊಂದ್ಸಲ ನೋಡಮ್ಮ ಅಂದೆ. ನೋಡಿ ಅದೇ ಹೇಳಿದ್ಲು. ಬಾತ್‌ರೂಮಿಗೆ ಹೋಗಿ ಅತ್ತೆ ನಾನು. ಆಮೇಲೆ ಲಾರ್ಸ್‌ದು ಕೇಳಿದೆ.

ಅಮ್ಮನಿಗೆ ಹೇಳಿಲ್ಲ. ಹೇಳೋದೂ ಇಲ್ಲ.

ಬೈಯಿ ನನ್ನ. ಬೇಕಾದ್ರೆ ಎದ್ದು ಹೋಗು, ನಾಳೆ ಮಾತಾಡ್ಬೇಡ. ಆದ್ರೆ ಕೊಟ್ಟಷ್ಟು ತಗೋ ಅಂತ ಮಾತ್ರ ಇನ್ನೊಂದ್ಸಲ ನಂಗೆ ಹೇಳ್ಬೇಡ, ಅಪ್ಪ.