ಹುಬ್ಬಿಲ್ಲದ ಸೈನ್ಯ

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಮಗಳ ಸರದಿ ಕಾಯುತ್ತ ತೂಕಡಿಸುತ್ತಿದ್ದ ತಾಯಿಗೆ ಪಕ್ಕದ ಇಬ್ಬರು ಗೆಳೆಯರ ಮಾತಿನಿಂದ ನಿದ್ದೆ ಹಾರಿಹೋಯಿತು. ಒಬ್ಬ ದರ್ಜಿ, ಕಣ್ಣಿಗೆ ಔಷಧಿ ಬಿಡಿಸಿಕೊಂಡು, ಪರೀಕ್ಷೆ ಮುಗಿಸಿ ಚೀಟಿಗಾಗಿ ಕೂತಿದ್ದ. ಇನ್ನೊಬ್ಬ ಬಸ್ ಡ್ರೈವರ್.

“ಹೆಬ್ಬೆರಳುದ್ದದ ಐದೈದು ಗೊಂಬೆ, ಒಂದು ಮೇಜು, ದಾಳ ಇದ್ರೆ ಯುದ್ಧದಾಟ ಶುರು ಅಂತ ನೀನೇ ಅಂದಿದ್ದೆ. ವರ್ಷ ಆಯ್ತಲ್ಲೋ!” ಎಂದ ಡ್ರೈವರ್.

“ನಾನು ಬಣ್ಣ ಹಚ್ಚಿ ಪೂರ್ತಿ ಮುಗಿಸದ ಸೈನಿಕ ಮೇಜು ಹತ್ತಬಾರದು ಕಣೋ,” ಎಂದ ದರ್ಜಿ.

“ಇನ್ನೇನು ಬಾಕಿ?”

“ನಮ್ಮೆದುರು ಆಡೋ ಮೇಷ್ಟ್ರ ಗೊಂಬೆಗಳಿಗೆ ಹುಬ್ಬು ಬರೆಯೋದು.”

“ನಿನ್ ಹತ್ರ ಮದುವೆ ಸೂಟು ಹೊಲಿಸೋಕೆ ಕೊಟ್ಟೋನು ಮಗನ ಮದುವೇಲಿ ಹಾಕ್ಕೋಬೇಕು! ಮೇಷ್ಟ್ರು ನಾಳೆ ವರ್ಗವಾಗಿ ಹೊರಟ್ರು. ಆಮೇಲೆ ಹುಬ್ಬಿನ ಜೊತೆ ನೀನೊಬ್ನೇ ಆಡ್ಕೋ.”



ನರ್ಸ್ ಚೀಟಿ ತಂದುಕೊಟ್ಟಳು. “ಸಂಜೆವರೆಗೂ ಹತ್ತಿರದ್ದೆಲ್ಲ ಮಂಜುಮಂಜಾಗಿರುತ್ತೆ. ಸೂಜಿ ಮುಟ್ಟಬೇಡಿ.”

“ಹುಬ್ಬು ಕಾಣಲ್ವಾ ಸಿಸ್ಟರ್?”

“ಹುಬ್ಬೇನು, ಮುಖಾನೇ ನೆಟ್ಟಗೆ ಕಾಣಲ್ಲ.”

ದರ್ಜಿ ದಡಬಡಿಸಿ ಎದ್ದು ಗೆಳೆಯನ ತೋಳು ಹಿಡಿದ.

“ಮೇಷ್ಟ್ರಿಗೆ ಫೋನ್ ಮಾಡು, ಈಗಲೇ ಬರ್ತಿದೀವಿ ಅಂತ. ನನ್ ಕಣ್ಣು ಸರಿಹೋಗೋದ್ರೊಳಗೆ ಒಂದಾಟ ಮುಗಿಸ್ಬಿಡೋಣ.”